ಯಶೋಧರಚರಿತೆಯಲ್ಲಿ ಕಥೆಯೂ ತರ್ಕವೂ

ಉಪದೇಶವು ಮೂರು ಬಗೆಯೆಂಬುದು ಆಲಂಕಾರಿಕರ ಮತ. ಒಡೆಯನ ಆಜ್ಞೆಯಂತೆ ವಿಧಿಸುವುದು ವೇದ. ಗೆಳೆಯನ ಹಿತವಚನದಂತೆ ತಿಳಿಯಹೇಳುವುದು ಪುರಾಣೇತಿಹಾಸ. ನಲ್ಲೆಯ ನುಡಿಯಂತೆ ಮನಸ್ಸನ್ನು ಒಲಿಸಿಕೊಂಡು ದಾರಿಗೆ ತರುವುದು ಕಾವ್ಯ. ಕಾಶ್ಮೀರದ ಮಮ್ಮಟನು ಹನ್ನೊಂದನೆಯ ಶತಮಾನದಲ್ಲಿ ತನ್ನ ಕಾವ್ಯಪ್ರಕಾಶದ ಮೊದಲಿನಲ್ಲಿಯೇ ಈ ವಿಭಾಗವನ್ನು ಮಾಡಿರುವನು. ಪಾಠಶಾಲೆಗಳಲ್ಲಿ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುವುದುಂಟು. ಬಾಯಿಪಾಠವಾದ ಮಾತನ್ನು ಮತ್ತೆ ಪರೀಕ್ಷಿಸುವ ಅಭ್ಯಾಸ ಮಾತ್ರ ಕಡಮೆ. ಈ ಮೂವರ ಸಾಲಿನಲ್ಲಿ ತಾರ್ಕಿಕನಿಗೆಂದು ಬೇರೆಯಾದ ಪೀಠವಿಲ್ಲವೆಂಬುದನ್ನು ಎಷ್ಟು ಜನ ಗಮನಿಸಿರುವರೋ ತಿಳಿಯದು. ಹೇತುವನ್ನು ಮುಂದಿಟ್ಟು ಒಪ್ಪಿಸುವವನಿಗೂ ಕಥೆಯನ್ನು ಹೇಳಿ ಒಪ್ಪಿಸುವವನಿಗೂ ಭೇದವೇನು? ಕಥೆಗೆ ಮನಸೋತು ಒಪ್ಪಿದವನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳಿಗೆ ಉತ್ತರವನ್ನು ಲಕ್ಷಣಗ್ರಂಥಗಳಲ್ಲಿ ಅರಸುವುದಕ್ಕಿಂತ ಲಕ್ಷ್ಯದಲ್ಲಿ ಅರಸುವುದು ಲೇಸು. ಕನ್ನಡದಲ್ಲಿ ಅದಕ್ಕೆ ತಕ್ಕ ಲಕ್ಷ್ಯವೊಂದು ಉಂಟು. ಅದು ಜನ್ನನ ಯಶೋಧರಚರಿತೆ.

ಜನ್ನನು ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ಅವನು 1209 ರಲ್ಲಿ ಯಶೋಧರಚರಿತೆಯನ್ನೂ 1230 ರಲ್ಲಿ ಅನಂತನಾಥಪುರಾಣವನ್ನೂ ರಚಿಸಿದನು. ಯಶೋಧರನ ಕಥೆಯು ಅವನ ಸ್ವಂತ ಕಲ್ಪನೆಯಲ್ಲ. 959 ರಲ್ಲಿ ಸೋಮದೇವಸೂರಿಯು ಯಶಸ್ತಿಲಕಚಂಪುವಿನಲ್ಲಿ ಇದನ್ನು ಬಹು ವಿಸ್ತಾರವಾಗಿ ಹೇಳಿದ್ದನು. ಬಳಿಕ ವಾದಿರಾಜನೆಂಬ ಜೈನಕವಿಯು (ಇವನು ಸೋದೆಯ ಯತಿಗಳಾದ ವಾದಿರಾಜರಿಗಿಂತ ಬಹು ಹಿಂದಿನವನು, ಬೇರೆಯವನು) ಇದನ್ನೇ ಸಂಸ್ಕೃತದಲ್ಲಿ ಕಿರಿದಾಗಿ ಬರೆದನು. ಜನ್ನನು ವಾದಿರಾಜನ ಜಾಡಿನಲ್ಲಿ ನಡೆದು, ನಾಲ್ಕು ಅವತಾರಗಳಲ್ಲಿ, 300 ಕ್ಕೆ ತುಸು ಮೇಲ್ಪಟ್ಟ ಪದ್ಯಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಕಥೆಯನ್ನು ಮುಗಿಸಿರುವನು. ಜೀವಹಿಂಸೆಯು ಕೂಡದು, ಹಿಂಸೆಯ ಸಂಕಲ್ಪವೂ ಹಿಂಸೆಯೇ ಎಂಬುದು ಕಾವ್ಯದ ತಾತ್ಪರ್ಯ.

ಇದಕ್ಕಿಂತ ಸುಮಾರು ಒಂದು ಶತಮಾನದ ಹಿಂದೆ ಬ್ರಹ್ಮಶಿವನು ಸಮಯಪರೀಕ್ಷೆಯೆಂಬ ಗ್ರಂಥವನ್ನು ಬರೆದಿದ್ದನು. ಅವನ ಉದ್ದೇಶವೂ ಜಿನಧರ್ಮದ ಪ್ರತಿಷ್ಠೆಯೇ. ಆದರೆ ಅವನು ಹಿಡಿದ ಮಾರ್ಗ ಖಂಡನೆಯದು. ಅನ್ಯಮತಗಳ ದೈವಗಳನ್ನೂ ಆಚಾರಗಳನ್ನೂ ಒಂದೊಂದಾಗಿ ಎತ್ತಿಕೊಂಡು, ಇದು ಯುಕ್ತವೇ, ಇದು ಪೂರ್ವಾಪರವಿರೋಧವಲ್ಲವೇ ಎಂದು ಕೇಳುತ್ತ, ನಡುನಡುವೆ ಹಾಸ್ಯಮಾಡುತ್ತ ಹೋಗುವನು. ಅವನ ಬುದ್ಧಿಯು ಚುರುಕು, ಮಾತು ಮೊನಚು. ಆದರೂ ಇಂದು ಆ ಗ್ರಂಥವನ್ನು ತೆರೆಯುವವರು ಯಾರು? ಹನ್ನೆರಡನೆಯ ಶತಮಾನದ ಜನರ ನಡೆನುಡಿ, ಪೂಜೆ, ನಂಬಿಕೆಗಳನ್ನು ತಿಳಿಯಬೇಕೆನ್ನುವ ವಿದ್ವಾಂಸರು. ಅವನು ಯಾವುದನ್ನು ಅಳಿಸಬೇಕೆಂದು ಬರೆದನೋ ಅದರ ದಾಖಲೆಗಾಗಿಯೇ ಅವನನ್ನು ಓದುವರು. ಯಶೋಧರಚರಿತೆಯನ್ನಾದರೋ ಜೈನರಲ್ಲದವರೂ ಓದುತ್ತ ಬಂದಿರುವರು. ಹಿಟ್ಟಿನ ಕೋಳಿಯ ಹೆಸರನ್ನು ಕೇಳದ ಕನ್ನಡ ವಿದ್ಯಾವಂತರು ವಿರಳ. ಇಷ್ಟರಿಂದಲೇ ಕಥೆಯು ಗೆದ್ದಿತೆಂದು ತೀರ್ಮಾನಿಸುವವರು ಅನೇಕರು. ಜನ್ನನ ಕಾವ್ಯವನ್ನೇ ಒಳಹೊಕ್ಕು ನೋಡಿದರೆ ವಿಷಯವು ಅಷ್ಟು ಸುಲಭವಲ್ಲವೆಂದು ತೋರುವುದು.

ಕಥೆಯು ಬಲಿಪೀಠದ ಮುಂದೆ ಆರಂಭವಾಗುವುದು. ರಾಜಪುರದ ಅರಸನಾದ ಮಾರಿದತ್ತನು ಚಂಡಮಾರಿಗೆ ಜೀವಿಗಳ ಜೋಡಿಗಳನ್ನು ಬಲಿಕೊಡಲು ನಿಂತಿರುವನು. ಮನುಷ್ಯರ ಜೋಡಿಯೊಂದು ಬೇಕಾಗಿದೆ. ಭಟರು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾದ ಎಳೆಯ ತಪಸ್ವಿಗಳನ್ನು ಹಿಡಿದು ತರುವರು. ಆ ಮಕ್ಕಳು ನಡುಗುವುದಿಲ್ಲ, ಬೇಡುವುದಿಲ್ಲ. ಕತ್ತಿ ಹಿರಿದ ಅರಸನು ಅದನ್ನು ಕಂಡು ಬೆರಗಾಗಿ, ನೀವು ಯಾರೆಂದು ಕೇಳುವನು. ಅಭಯರುಚಿಯು ತಮ್ಮ ಹಿಂದಿನ ಜನ್ಮಗಳ ವೃತ್ತಾಂತವನ್ನು ಹೇಳುವನು. ಕಾವ್ಯದ ಬಹುಭಾಗವು ಹೀಗೆ ಕತ್ತಿಯ ಕೆಳಗೆ ನಿಂತವನು ಹೇಳಿದ ಕಥೆ. ಕೇಳಿ ಮುಗಿಯುವ ಹೊತ್ತಿಗೆ ಅರಸನು ಹಿಂಸೆಯನ್ನು ಬಿಟ್ಟು ವಿರಕ್ತನಾಗುವನು.

ಹೊರಗಿನ ಕಥೆಯಲ್ಲಿ ಹೀಗೆ ಒಬ್ಬನ ಮನಸ್ಸು ತಿರುಗಿತು. ಒಳಗಿನ ಕಥೆಯಲ್ಲಿಯೂ ಮನಸ್ಸುಗಳು ತಿರುಗುವ, ತಿರುಗದಿರುವ ಪ್ರಸಂಗಗಳು ಮೂರುಂಟು. ಅವನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕು.

ಮೊದಲನೆಯದು ಗಾನ. ಉಜ್ಜಯಿನಿಯ ಅರಸನಾದ ಯಶೋಧರನ ರಾಣಿ ಅಮೃತಮತಿಯು ಇರುಳಿನಲ್ಲಿ ಗಜಶಾಲೆಯ ಕಡೆಯಿಂದ ಬಂದ ಹಾಡನ್ನು ಕೇಳಿ, ಹಾಡಿದವನ ಮುಖವನ್ನು ನೋಡುವ ಮೊದಲೇ ಅವನಿಗೆ ಒಲಿಯುವಳು. ನೋಡಿಬರಲು ಹೋದ ದೂತಿಯು ಮರಳಿ ಬಂದು, ಅಷ್ಟಾವಂಕನೆಂಬ ಆ ಮಾವುತನ ಕುರೂಪವನ್ನು ಅಂಗಾಂಗವಾಗಿ ಬಣ್ಣಿಸಿ ಬೇಡವೆನ್ನುವಳು. ದೂತಿಯ ಮಾತು ಪ್ರತ್ಯಕ್ಷಪ್ರಮಾಣದಿಂದ ಕೂಡಿದ ಯುಕ್ತಿ. ಆದರೆ ರಾಣಿಯು ಅದನ್ನು ಬದಿಗೊತ್ತಿ, ಒಲವಿಗೆ ರೂಪದ ಹಂಗೇಕೆಂದು ತಾನೇ ಎದುರು ಯುಕ್ತಿಯನ್ನು ಹೂಡುವಳು. ಮನಸ್ಸು ಮೊದಲು ಒಪ್ಪಿತು. ಬುದ್ಧಿಯು ಅನಂತರ ಅದಕ್ಕೆ ಹೇತುವನ್ನು ಒದಗಿಸಿತು.

ಎರಡನೆಯದು ಕನಸು. ಯಶೋಧರನು ಎಲ್ಲವನ್ನೂ ಕಣ್ಣಾರೆ ಕಂಡು, ಕೊಲ್ಲಲು ಕತ್ತಿಯೆತ್ತಿ, ಮತ್ತೆ ತಡೆದುಕೊಂಡು ಹಿಂದಿರುಗುವನು. ಬೆಳಗಾದ ಮೇಲೆ ಮಗನ ಮುಖವು ಬಾಡಿರುವುದನ್ನು ಕಂಡ ತಾಯಿ ಚಂದ್ರಮತಿಯು ಕಾರಣವನ್ನು ಕೇಳಲು, ಮನೆಯ ಮಾತನ್ನು ಹೇಳಲಾರದೆ ಅವನು ದುಃಸ್ವಪ್ನವನ್ನು ಕಂಡೆನೆಂದು ನೆಪ ಹೇಳುವನು. ತಾಯಿಯು ಅದನ್ನು ಪೂರ್ತಿಯಾಗಿ ನಂಬುವಳು. ಮುಂದಿನ ಅನರ್ಥಪರಂಪರೆಗೆಲ್ಲ ಬೀಜ ಈ ಕಟ್ಟುಕಥೆ. ಅದಕ್ಕೆ ಆಧಾರವೇನೆಂದು ಆ ತಾಯಿಯು ಕೇಳಲಿಲ್ಲ. ಕನಸಿಗೆ ಆಧಾರವನ್ನು ಯಾರು ಕೇಳುವರು?

ಮೂರನೆಯದು ವಾದ. ಕನಸಿನ ಶಾಂತಿಗಾಗಿ ದೇವಿಗೆ ಪ್ರಾಣಿಬಲಿಯನ್ನು ಕೊಡಬೇಕೆಂದು ತಾಯಿಯ ಪಟ್ಟು. ಹಿಂಸೆಯಿಂದ ಶಾಂತಿಯುಂಟಾಗದೆಂದು ಮಗನ ವಾದ. ಮಗನದು ಸರಿಯಾದ ವಾದವೇ. ತಾಯಿಯಲ್ಲಿ ಅವನಿಗೆ ಗೌರವವೂ ಉಂಟು, ತಾಯಿಗೆ ಅವನಲ್ಲಿ ಪ್ರೀತಿಯೂ ಉಂಟು. ಆದರೂ ತಾಯಿಯು ಜಗ್ಗಲಿಲ್ಲ. ಕಡೆಗೆ ಇಬ್ಬರೂ ಒಂದು ನಡುದಾರಿಯನ್ನು ಕಂಡುಕೊಂಡರು: ಹಿಟ್ಟಿನಿಂದ ಕೋಳಿಯನ್ನು ಮಾಡಿ ಅದನ್ನು ಬಲಿಕೊಡುವುದು. ಇದರಲ್ಲಿ ತರ್ಕದೋಷವೇನೂ ಮೇಲುನೋಟಕ್ಕೆ ಕಾಣುವುದಿಲ್ಲ. ನೈಯಾಯಿಕರ ಐದು ಅವಯವಗಳಲ್ಲಿಯೇ ಇದನ್ನು ನಿರೂಪಿಸಬಹುದು. ಈ ಬಲಿಯಲ್ಲಿ ಹಿಂಸೆಯಿಲ್ಲವೆಂಬುದು ಪ್ರತಿಜ್ಞೆ. ಕಡಿಯಲ್ಪಡುವುದಕ್ಕೆ ಪ್ರಾಣವಿಲ್ಲವಾದುದರಿಂದ ಎಂಬುದು ಹೇತು. ಬೂದುಗುಂಬಳಕಾಯಿಯನ್ನು ಒಡೆಯುವಂತೆ ಎಂಬುದು ಉದಾಹರಣೆ. ಇದೂ ಹಾಗೆಯೇ ಪ್ರಾಣವಿಲ್ಲದ್ದು ಎಂಬುದು ಉಪನಯ. ಆದಕಾರಣ ಹಿಂಸೆಯಿಲ್ಲವೆಂಬುದು ನಿಗಮನ. ತಾಯಿಯ ಭಕ್ತಿಗೂ ಭಂಗವಿಲ್ಲ, ಮಗನ ವ್ರತಕ್ಕೂ ಭಂಗವಿಲ್ಲ. ಅಷ್ಟರಲ್ಲಿ ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿತು. ಐದು ಅವಯವಗಳಿಗೂ ಜನ್ನನು ಕೊಟ್ಟ ಉತ್ತರವು ಆ ಒಂದು ಕೂಗು.

ಇಲ್ಲಿ ಕಾವ್ಯದ ರಚನೆಯಲ್ಲಿರುವ ಸ್ವಾರಸ್ಯವನ್ನು ಗಮನಿಸತಕ್ಕದ್ದು. ಹಿಂಸೆಯು ಕೂಡದೆಂಬ ಮಾತನ್ನು ಯಶೋಧರನು ವಾದವಾಗಿ ಹೇಳಿದಾಗ ಹೆತ್ತ ತಾಯಿಯೂ ಒಪ್ಪಲಿಲ್ಲ. ಅದೇ ಮಾತನ್ನು ಅದೇ ಜೀವನು ಜನ್ಮಾಂತರದಲ್ಲಿ ಅಭಯರುಚಿಯಾಗಿ ತನ್ನ ಕಥೆಯ ರೂಪದಲ್ಲಿ ಹೇಳಿದಾಗ ಕೊಲ್ಲಲು ನಿಂತ ಅಪರಿಚಿತನೂ ಒಪ್ಪಿದನು. ಹೇಳುವವನೂ ಒಬ್ಬನೇ, ಹೇಳುವ ತತ್ತ್ವವೂ ಒಂದೇ. ಹೇಳುವ ಬಗೆ ಮಾತ್ರ ಬೇರೆ. ಕಥೆಗೂ ತರ್ಕಕ್ಕೂ ಇರುವ ಬಲಾಬಲವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸನ್ನಿವೇಶವು ಕನ್ನಡ ಕಾವ್ಯಗಳಲ್ಲಿ ಅಪೂರ್ವ.

ಇದಕ್ಕೆ ತಾರ್ಕಿಕನ ಕಡೆಯಿಂದ ಒಂದು ಪೂರ್ವಪಕ್ಷವುಂಟು, ಅದು ಬಲವಾದುದು. ಉದಾಹರಣೆಯನ್ನು ತಾರ್ಕಿಕನೂ ಬಳಸುವನು. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಅಡುಗೆಮನೆಯನ್ನು ದೃಷ್ಟಾಂತವಾಗಿ ಹೇಳುವನು. ಆದರೆ ಆ ದೃಷ್ಟಾಂತವು ಪಂಡಿತಪಾಮರರಿಬ್ಬರೂ ಒಪ್ಪಿದ್ದಾಗಿರಬೇಕು. ಎದುರಾಳಿಯೂ ತನ್ನ ಮನೆಯ ಒಲೆಯನ್ನು ನೋಡಿ ಹೌದೆನ್ನುವಂತಿರಬೇಕು. ಬೆಂಕಿಯಿಲ್ಲದ ಕೆರೆಯಲ್ಲಿ ಹೊಗೆಯೂ ಇಲ್ಲವೆಂಬ ವಿರುದ್ಧ ದೃಷ್ಟಾಂತವನ್ನೂ ಅವನು ಒದಗಿಸುವನು. ಕಥೆಗಾರನಾದರೋ ಹೇತುವನ್ನೂ ತಾನೇ ಸೃಷ್ಟಿಸುವನು, ಫಲವನ್ನೂ ತಾನೇ ಸೃಷ್ಟಿಸುವನು. ಹಿಟ್ಟಿನ ಕೋಳಿ ಕೂಗಿತೆಂದರೆ ಕವಿಯು ಕೂಗಿಸಿದನು. ತಾಯಿಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿದರೆಂದರೆ ಕವಿಯು ತೊಳಲಿಸಿದನು. ಇದಕ್ಕೆ ವಿರುದ್ಧವಾದ ಕಥೆಯನ್ನು ಬೇರೊಬ್ಬ ಕವಿಯು ಹೇಳಬಲ್ಲನು. ಆಗ ಯಾವುದನ್ನು ನಂಬುವುದು? ಯಶೋಧರನ ಸುಳ್ಳುಕನಸಿಗೂ ಅಭಯರುಚಿಯ ಆತ್ಮವೃತ್ತಾಂತಕ್ಕೂ ಕೇಳುವವರು ಒಂದೇ ಬಗೆಯಾಗಿ ಮಣಿದರಲ್ಲವೆ?

ಈ ಆಕ್ಷೇಪಕ್ಕೆ ಕಾವ್ಯದಲ್ಲಿಯೇ ಸಮಾಧಾನವನ್ನು ಹುಡುಕಬಹುದು. ಮಾರಿದತ್ತನಿಗೆ ಯಾವ ಸಂಗತಿಯು ತಿಳಿಯದೆ ಇದ್ದಿತು? ಕೊಂದರೆ ನೋಯುವುದೆಂಬುದು ಕೊಲ್ಲುವವನಿಗೂ ತಿಳಿದ ಮಾತು. ಅದಕ್ಕೆ ಅನುಮಾನಪ್ರಮಾಣವು ಬೇಕಿಲ್ಲ. ಅವನಲ್ಲಿದ್ದ ಕೊರತೆಯು ಅಜ್ಞಾನವಲ್ಲ, ಅಲಕ್ಷ್ಯ. ಕತ್ತಿಯ ಹಿಡಿಯ ಕಡೆಯಿಂದ ಮಾತ್ರ ನೋಡಿದವನಿಗೆ ಕತ್ತಿಯ ಮೊನೆಯ ಕಡೆಯಿಂದ ನೋಡುವ ಅವಕಾಶವು ಎಂದೂ ಬಂದಿರಲಿಲ್ಲ. ಅಭಯರುಚಿಯ ಕಥೆಯು ಅದನ್ನು ಒದಗಿಸಿತು. ನೆನ್ನೆ ಸಿಂಹಾಸನದಲ್ಲಿದ್ದ ಅರಸನು ಇಂದು ಆಡಾಗಿ ಕಟ್ಟುಬಿದ್ದಿರುವನು. ತನ್ನ ಮಗನು ತನ್ನ ಸದ್ಗತಿಗಾಗಿ ಮಾಡುವ ಶ್ರಾದ್ಧಕ್ಕೆ ತಾನೇ ಆಹಾರವಾಗುವನು. ಇದನ್ನು ಕೇಳುತ್ತಿರುವವನೂ ಅರಸ. ಅವನ ಎದುರಿನಲ್ಲಿ ಕಟ್ಟಿರುವ ಪ್ರಾಣಿಗಳೂ ಉಂಟು. ಕಥೆಯು ಅವನಿಗೆ ಹೊಸ ಪ್ರಮೇಯವನ್ನು ಸಾಧಿಸಿಕೊಡಲಿಲ್ಲ. ತಿಳಿದಿದ್ದ ಸಂಗತಿಯನ್ನು ಕಾಣುವಂತೆ ಮಾಡಿತು.

ಆದುದರಿಂದ ಎರಡರ ಕ್ಷೇತ್ರಗಳನ್ನು ಹೀಗೆ ವಿಂಗಡಿಸಬಹುದು. ತಪ್ಪು ತಿಳಿಯದಿರುವುದರಿಂದ ಆಗಿದ್ದರೆ ಅದಕ್ಕೆ ಮದ್ದು ತರ್ಕ, ಲೆಕ್ಕ, ಪ್ರತ್ಯಕ್ಷ ಪರೀಕ್ಷೆ. ತಿಳಿದೂ ಕಾಣದಿರುವುದರಿಂದ ಆಗಿದ್ದರೆ ಅದಕ್ಕೆ ಮದ್ದು ಕಥೆ. ಕಥೆಯು ತನ್ನ ಕ್ಷೇತ್ರವನ್ನು ಮೀರಿ ಮೊದಲನೆಯದರ ಸ್ಥಾನದಲ್ಲಿ ಕುಳಿತಾಗ ಅನರ್ಥವಾಗುವುದು. ಯಶೋಧರನ ಕನಸು ಅಂಥದು: ಮಗನ ದುಃಖಕ್ಕೆ ಕಾರಣವೇನೆಂಬುದು ವಿಚಾರಿಸಿ ತಿಳಿಯಬೇಕಾದ ಸಂಗತಿ, ಅದಕ್ಕೆ ಬದಲಾಗಿ ಕಥೆಯೊಂದು ಬಂದಿತು, ವಿಚಾರವು ನಿಂತಿತು. ಎರಡು ಕಥೆಗಳಿಗೂ ಇರುವ ಮತ್ತೊಂದು ಭೇದವನ್ನೂ ಕಾಣಬಹುದು. ಕನಸನ್ನು ಹೇಳಿದವನು ತನ್ನ ಮಾನವನ್ನು ಮುಚ್ಚಿಕೊಳ್ಳಲು ಹೇಳಿದನು. ಅಭಯರುಚಿಯು ತನ್ನ ಪಾಪವನ್ನು ತೆರೆದಿಟ್ಟನು, ಪ್ರಾಣವನ್ನು ಉಳಿಸೆಂದು ಕೇಳಲಿಲ್ಲ. ಕಥೆಯನ್ನು ಕೇಳುವವರು, ಹೇಳುವವನು ಇದರಲ್ಲಿ ಏನನ್ನು ಮುಚ್ಚುತ್ತಿರುವನು, ಏನನ್ನು ತೆರೆಯುತ್ತಿರುವನು ಎಂದು ಕೇಳಿಕೊಂಡರೆ ಅರ್ಧ ಪರೀಕ್ಷೆಯು ಮುಗಿದಂತೆ.

ಉಳಿದ ಅರ್ಧಕ್ಕೆ ತರ್ಕವೇ ಬೇಕು. ಕಥೆಯು ಮುಗಿದ ಮೇಲೆ ಅದರಿಂದ ಹೊರಡುವ ನಿಗಮನವು ಎಷ್ಟು ದೂರ ಹೋಗಬಹುದೆಂದು ಕಥೆಯು ಹೇಳಲಾರದು. ಹಿಟ್ಟಿನ ಕೋಳಿಯ ಪ್ರಸಂಗವನ್ನೇ ಎತ್ತಿಕೊಳ್ಳಬಹುದು. ಇದನ್ನು ಕೇಳಿದವನು, ಹಿಟ್ಟಿನ ಪ್ರಾಣಿಯನ್ನು ಅರ್ಪಿಸುವುದೆಲ್ಲವೂ ಪಾಪವೆಂದು ಭಾವಿಸಬಹುದು. ಆದರೆ ಮಾಧ್ವ ಸಂಪ್ರದಾಯದಲ್ಲಿ ಯಜ್ಞಕ್ಕೆ ಸಜೀವ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು, ಸ್ವೀಕರಿಸಿರುವುದು ಪ್ರಸಿದ್ಧವಾಗಿದೆ. ಅಲ್ಲಿ ಅದು ದಯೆಯ ಕುರುಹು. ಒಂದೇ ಹಿಟ್ಟು ಒಂದೆಡೆ ಪಾಪ, ಒಂದೆಡೆ ದಯೆ. ಈ ತೊಡಕನ್ನು ಬಿಡಿಸಲು ನೈಯಾಯಿಕರ ಉಪಾಧಿವಿಚಾರವು ನೆರವಾಗುವುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದು; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಕಟ್ಟಿಗೆಯು ಬೇಕು, ಅದೇ ಉಪಾಧಿ. ಹಾಗೆಯೇ ಹಿಟ್ಟಿನ ಬಲಿಯಿದ್ದಲ್ಲೆಲ್ಲ ಪಾಪವಿಲ್ಲ. ಕೊಲ್ಲುವ ಸಂಕಲ್ಪವು ಅಲ್ಲಿ ಉಪಾಧಿ. ಕೊಲೆಯನ್ನು ತಪ್ಪಿಸಬೇಕೆಂದು ಹಿಟ್ಟನ್ನು ತಂದವನ ಮನಸ್ಸೇ ಬೇರೆ, ಕೊಲೆಯ ಫಲವು ಕೊಲೆಯಿಲ್ಲದೆ ದೊರಕಲೆಂದು ಹಿಟ್ಟನ್ನು ತಂದವನ ಮನಸ್ಸೇ ಬೇರೆ. ಕಥೆಯು ಕಣ್ಣನ್ನು ತೆರೆಸಿತು. ಕಂಡುದನ್ನು ಬೇರ್ಪಡಿಸಿ ಹೇಳಿದುದು ತರ್ಕ.

ಈ ಪರೀಕ್ಷೆಯನ್ನು ಮಾಡದೆ ಬಿಟ್ಟರೆ ಆಗುವ ಹಾನಿಗೂ ಯಶೋಧರಚರಿತೆಯೇ ಸಾಕ್ಷಿ. ಕಾವ್ಯವು ಅಹಿಂಸೆಯನ್ನು ಬೋಧಿಸಲು ಹೊರಟಿತು. ಆದರೆ ಅನೇಕ ಓದುಗರ ಮನಸ್ಸಿನಲ್ಲಿ ಉಳಿದುದು ಅಮೃತಮತಿ. ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳ ಚಿತ್ರ. ಅವಳೊಬ್ಬಳ ದೃಷ್ಟಾಂತದಿಂದ ಹೆಂಗಸರ ಮನಸ್ಸೇ ಇಂಥದು ಎಂಬ ವ್ಯಾಪ್ತಿಯನ್ನು ಕಟ್ಟಿದವರು ಎಷ್ಟು ಮಂದಿ! ಕಾವ್ಯದಲ್ಲಿಯೂ ಅದಕ್ಕೆ ಎಡೆಯುಂಟು. ತರ್ಕದ ಮೊದಲ ಪಾಠವನ್ನು ಓದಿದ ಬಾಲಕನೂ ಒಂದು ದೃಷ್ಟಾಂತದಿಂದ ವ್ಯಾಪ್ತಿಯು ಸಿದ್ಧಿಸದೆಂದು ಹೇಳುವನು. ಅದೇ ಕಥೆಯಲ್ಲಿ ನಿರ್ಭಯಳಾಗಿ ಕತ್ತಿಯ ಮುಂದೆ ನಿಂತ ಅಭಯಮತಿಯೂ ಹೆಣ್ಣೇ ಎಂದು ತೋರಿಸುವನು. ಆದರೂ ಕಥೆಯು ರುಚಿಸಿದಾಗ ಪಂಡಿತನಿಗೂ ಈ ಪಾಠವು ಮರೆಯುವುದು. ಅಹಿಂಸೆಗಾಗಿ ಹೇಳಿದ ಕಥೆಯಿಂದ ಒಂದು ಜಾತಿಯ ಜೀವಕ್ಕೇ ನೋವಾದರೆ, ಅದು ಕವಿಯ ತಾತ್ಪರ್ಯಕ್ಕೆ ವಿರೋಧವಲ್ಲವೆ?

ಕಥೆಯು ಹೀಗೆ ತನ್ನ ನಿಗಮನವನ್ನು ಕಾಪಾಡಿಕೊಳ್ಳಲಾರದೆಂಬುದಕ್ಕೆ ಮತ್ತೊಂದು ನಿದರ್ಶನವನ್ನು ಈಚಿನ ಕಾಲದಲ್ಲಿ ಕಾಣಬಹುದು. ಗಿರೀಶ ಕಾರ್ನಾಡರು 1980 ರಲ್ಲಿ ಇದೇ ವಸ್ತುವಿನಿಂದ ಹಿಟ್ಟಿನ ಹುಂಜವೆಂಬ ನಾಟಕವನ್ನು ಬರೆದರು. ಅಲ್ಲಿ ರಾಣಿಗೆ ತನ್ನದೇ ಆದ ಮಾತುಂಟು, ನೋವುಂಟು. ಅವಳನ್ನು ಕೇವಲ ದೋಷದ ಮುದ್ದೆಯೆಂದು ತಳ್ಳಿಹಾಕುವಂತಿಲ್ಲ. ಏಳೂವರೆ ಶತಮಾನಗಳ ಅನಂತರ ಅದೇ ಕಥೆಯು ಬೇರೆ ಪ್ರಶ್ನೆಯನ್ನು ಕೇಳಿತು. ತರ್ಕಗ್ರಂಥದಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಹೇತುವಿನೊಡನೆ ನಿಗಮನವು ಗಂಟುಬಿದ್ದಿರುವುದು. ತರ್ಕವು ತನ್ನ ನಿಗಮನವನ್ನು ಬಿಗಿಯಾಗಿ ಹಿಡಿದುಕೊಂಡು ಎಷ್ಟೋ ವೇಳೆ ಕೇಳುವವನನ್ನು ಕಳೆದುಕೊಳ್ಳುವುದು. ಬ್ರಹ್ಮಶಿವನಿಗೆ ಆದುದು ಇದೇ. ಕಥೆಯು ಕೇಳುವವನನ್ನು ಬಿಗಿಯಾಗಿ ಹಿಡಿದುಕೊಂಡು ನಿಗಮನವನ್ನು ಅವನ ಕೈಗೆ ಬಿಟ್ಟುಕೊಡುವುದು. ಜನ್ನನಿಗೆ ಆದುದು ಇದು. ಕಥೆಯ ಶಕ್ತಿಯೂ ಅದೇ, ಅಪಾಯವೂ ಅದೇ.

ಮಮ್ಮಟನ ವಿಭಾಗಕ್ಕೆ ಮರಳಿದರೆ, ಕಾವ್ಯದ ಮಾತು ನಲ್ಲೆಯ ಮಾತಿನಂತೆಂಬ ಹೋಲಿಕೆಯು ಈಗ ಇನ್ನಷ್ಟು ಅರ್ಥವತ್ತಾಗಿ ತೋರುವುದು. ಯಶೋಧರನಿಗೆ ಕಡೆಯ ಊಟವನ್ನು ಬಡಿಸಿದವಳೂ ಅವನ ನಲ್ಲೆಯೇ. ಆದರದ ಕರೆಯೊಡನೆ ಬಂದುದು ವಿಷದ ಲಡ್ಡುಗೆ. ಸವಿಯಾಗಿರುವುದೆಂಬ ಒಂದೇ ಕಾರಣದಿಂದ ಹಿತವಾಗಿರುವುದೆಂದು ತಿಳಿಯಲಾಗದು; ಸವಿಯಾಗಿರುವುದರಿಂದ ತಿರಸ್ಕರಿಸಲೂ ಆಗದು.

ಮನೆಯ ಹಿರಿಯರು ಮಕ್ಕಳಿಗೆ ಕಥೆಯನ್ನು ಹೇಳುವರು, ಹೇಳಲೇಬೇಕು. ಪ್ರಾಣಿಯನ್ನು ಹಿಂಸಿಸಬೇಡವೆಂದು ನೂರು ಸಲ ವಿಧಿಸಿದರೆ ಆಗದ ಕೆಲಸವನ್ನು ಒಂದು ಸಂಜೆಯ ಕಥೆಯು ಮಾಡುವುದು. ಆದರೆ ಕಥೆಯು ಮುಗಿದ ಮೇಲೆ ದೀಪವನ್ನು ಸಣ್ಣದು ಮಾಡುವ ಮೊದಲು ಒಂದು ಪ್ರಶ್ನೆಗೆ ಎಡೆಯಿರಲಿ: ಹೀಗೆಯೇ ಎಲ್ಲೆಡೆಯೂ ಆಗುವುದೋ, ಅಥವಾ ಈ ಕಥೆಯಲ್ಲಿ ಮಾತ್ರವೋ? ಹಾಗೆ ಕೇಳುವ ಮಗುವನ್ನು ಅಧಿಕಪ್ರಸಂಗಿಯೆಂದು ಸುಮ್ಮನಾಗಿಸುವ ವಾಡಿಕೆ ಹಲವು ಮನೆಗಳಲ್ಲಿ ಉಂಟು. ಚಂದ್ರಮತಿಯು ಅಂದು ಬೆಳಗ್ಗೆ ಮಗನ ಕನಸನ್ನು ಕುರಿತು ಅಂಥ ಒಂದು ಪ್ರಶ್ನೆಯನ್ನು ಕೇಳಿದ್ದರೆ, ಉಜ್ಜಯಿನಿಯಲ್ಲಿ ಆ ದಿನ ಹಿಟ್ಟನ್ನು ಕಲಸುವ ಕೆಲಸವೇ ಬೀಳುತ್ತಿರಲಿಲ್ಲ.